ಟಾಕಿಯ ಗೋಡೆಗೆ ಹತ್ತಿದ ನೊರೆ

ಧರೆಪ್ಪನಿಗೆ ತನ್ನ ದ್ರಾಕ್ಷಿ ಬಳ್ಳಿಗಳ ಮೇಲೆ ಇದ್ದಷ್ಟು ನಂಬಿಕೆ ತನ್ನ ಮೇಲೆ ಇರಲಿಲ್ಲ. ಬಾಗಿಲಿಗೆ ಕೀಲಿ ಹಾಕಿ ರಸ್ತೆಗೆ ಬಂದವನು ತಿರುಗಿ ಹೋಗಿ ಕೀಲಿ ಜಗ್ಗಿ ನೋಡುವ ಮನುಷ್ಯ. ಊಟಕ್ಕೆ ಕುಳಿತು ರೊಟ್ಟಿ ಮುರಿದ ಮೇಲೆ ಬೋರಿನ ಮೋಟರು ಬಂದ್ ಮಾಡಿದೆನೋ ಇಲ್ಲವೋ ಎಂಬ ಅನುಮಾನ ಬಂದರೆ ತುತ್ತನ್ನು ತಾಟಿನಲ್ಲೇ ಬಿಟ್ಟು ಎದ್ದುಬಿಡುತ್ತಿದ್ದ. “ನಾ ನೋಡಿ ಬಂದೀನ್ರಿ, ಬಂದ್ ಐತಿ” ಎಂದು ಹೆಂಡತಿ ರೂಪಾಲಿ ಎಷ್ಟು ಹೇಳಿದರೂ ಕೇಳುತ್ತಿರಲಿಲ್ಲ. ಹೋಗಿ ನೋಡಿ, ಬಂದ್ ಇದ್ದದ್ದನ್ನು ಕಂಡು, ತಣ್ಣಗಾದ ರೊಟ್ಟಿಗೆ ಮರಳುತ್ತಿದ್ದ.

ಇಂಥವನು ಕಾಗವಾಡದಲ್ಲಿ ದ್ರಾಕ್ಷಿ ಬೆಳೆಗಾರರಿಗೆಂದು ಸಂಜೆ ಹೊತ್ತು ನಡೆಯುವ ತರಗತಿಗೆ ಹೋಗತೊಡಗಿದ. ಅದರಿಂದ ಅವನ ಚಿಂತೆ ಕಡಿಮೆಯಾಗಲಿಲ್ಲ, ಅದಕ್ಕೊಂದು ಶಿಸ್ತು ಬಂತು ಅಷ್ಟೇ. ಮೊದಲು ಸುಮ್ಮಸುಮ್ಮನೆ ಹೆದರುತ್ತಿದ್ದ, ಈಗ ಕಾರಣ ತಿಳಿದುಕೊಂಡು ಹೆದರತೊಡಗಿದ. ಅಲ್ಲಿ ಹೇಳಿಕೊಟ್ಟದ್ದರಲ್ಲಿ ಅವನ ತಲೆಯಲ್ಲಿ ಗೂಟ ಹೊಡೆದಂತೆ ನಿಂತ ಮಾತು ಒಂದು: ಔಷಧ ಕಲಸುವ ನೀರಿಗೆ ಸಾಬೂನು ತಾಗಬಾರದು. ನೀರು ಕೆಟ್ಟರೆ ಔಷಧದ ಕಸುವು ಹೋಯಿತು, ಕಸುವು ಹೋದರೆ ಎಲೆಗೆ ಡೌನಿ ರೋಗ ಬಂತು, ಮುಂದಿನದು ದೇವರಿಗೇ ಗೊತ್ತು.

ಮರುದಿನವೇ ಧರೆಪ್ಪ ಕೆಂಪು ಬಣ್ಣದ ಡಬ್ಬಿ ತಂದು, ತೋಟದ ಮನೆಯ ಹಿಂದೆ ನೀರು ತುಂಬಿಡುವ ಸಿಮೆಂಟಿನ ಟಾಕಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದ: ‘ಇಲ್ಲಿ ಬಟ್ಟೆ ಒಗೆಯಬಾರದು.’ ಆ ಟಾಕಿಯಲ್ಲೇ ಅವನು ಬಳ್ಳಿಗೆ ಹೊಡೆಯುವ ಬೋರ್ಡೋ ಔಷಧ ಕಲಸುತ್ತಿದ್ದದ್ದು.

ರೂಪಾಲಿ ಸೊಂಟದ ಮೇಲೆ ಕೈಯಿಟ್ಟು ಆ ಅಕ್ಷರಗಳನ್ನು ನೋಡಿದಳು.

“ಯಾರಿಗ್ರಿ ಇದು?”

“ಎಲ್ಲಾರಿಗೂ.”

“ಈ ವಸ್ತಿ ಮ್ಯಾಲ ಇರಾವ್ರು ಮೂರ ಮಂದಿ. ನೀವು, ನಾನು, ಅತ್ತಿ. ನೀವಂತೂ ಹುಟ್ಟಿದಾಗಿಂದ ಬಟ್ಟಿ ಒಗದವರಲ್ಲ. ಎಲ್ಲಾರಿಗೂ ಅಂದ್ರ ನನಗ ಅನ್ರಿ.”

“ಹಂಗಲ್ಲ ರೂಪಾ...”

“ಅಕ್ಷರ ಮಾತ್ರ ಚಂದ ಬರದೀರಿ” ಎಂದು ಅವಳು ನಕ್ಕು ಒಳಗೆ ಹೋದಳು. ಬಾಗಿಲಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದ ಅವ್ವ ಕೆಂಚವ್ವ ಮಾತ್ರ ಆ ಕೆಂಪು ಅಕ್ಷರಗಳನ್ನು ಬಹಳ ಹೊತ್ತು ನೋಡಿ, “ಚಿತ್ತಾರ ಭಾರಿ ಆಗೈತಿ” ಎಂದಳು.

ಮಿರಗದ ಮಳೆ, ಅಂದರೆ ಮೃಗಶಿರಾ ಮಳೆ, ಈ ವರ್ಷ ಸಮಯಕ್ಕೆ ಬಂತು. ಮೊದಲ ಮಳೆ ಸುರಿದ ಸಂಜೆ ಟಾಕಿಯ ಕಡೆಯಿಂದ ಟಕ್ ಟಕ್, ಟಟಟಕ್ ಎಂದು ಯಾರೋ ಕಟ್ಟಿಗೆಗೆ ಕಟ್ಟಿಗೆ ಬಡಿದಂಥ ಸಪ್ಪಳ. ಧರೆಪ್ಪ ಅದನ್ನು ಮೋಟರಿನ ಸ್ಟಾರ್ಟರಿನ ಸಪ್ಪಳವೆಂದೇ ತಿಳಿದು ಛತ್ರಿ ಹಿಡಿದು ಹೋಗಿ, ಸ್ಟಾರ್ಟರಿನ ಮುಚ್ಚಳ ತೆಗೆದು ನೋಡಿ, ಏನೂ ಆಗಿಲ್ಲವೆಂದು ಕಂಡು, ಏನೂ ಆಗಿಲ್ಲವಲ್ಲ ಎಂದೇ ಮತ್ತಷ್ಟು ಚಿಂತೆ ಹಚ್ಚಿಕೊಂಡು ಬಂದ.

ಬೆಳಿಗ್ಗೆ ಬಗಲಿನ ತೋಟದ ಬಾಳಾಸಾಬ ಕಾಕಾ ನಟ್ಟು ಬಿಚ್ಚುವ ಪಾನಾ ಕೇಳಲು ಬಂದಿದ್ದರು. ಬಾಳಾಸಾಬರಿಗೆ ಗೊತ್ತಾದದ್ದು ಕಾಗವಾಡದ ಚಹಾದಂಗಡಿಗೆ ಗೊತ್ತಾಗಲು ಒಂದು ಕಪ್ಪು ಚಹಾದಷ್ಟು ಹೊತ್ತು ಸಾಕು ಎಂದು ಸುತ್ತಿನ ಎಲ್ಲರಿಗೂ ತಿಳಿದಿತ್ತು. ಧರೆಪ್ಪ ಪಾನಾ ತರಲು ಟಾಕಿಯ ಬದಿಗೆ ಹೋದವನು ಅಲ್ಲೇ ನಿಂತುಬಿಟ್ಟ.

ಟಾಕಿಯ ಒಳಗೋಡೆಗೆ, ನೀರಿನಿಂದ ಒಂದು ಗೇಣು ಮೇಲೆ, ಬೆಳ್ಳಗೆ ನೊರೆ ಹತ್ತಿತ್ತು. ಮುಷ್ಟಿಯಷ್ಟು ದಪ್ಪ. ಒಗೆಯುವ ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ಕೈಯಿಂದ ಎತ್ತಿ ಗೋಡೆಗೆ ಮೆತ್ತಿದಂತೆ.

“ರೂಪಾಲೀ!” ಎಂದು ಕೂಗಿದ. ಕೂಗಿದ ದನಿಗೆ ಅವಳಷ್ಟೇ ಅಲ್ಲ, ಬಾಳಾಸಾಬರೂ ಕೆಂಚವ್ವನೂ ಬಂದರು.

“ಏನಿದು?”

ರೂಪಾಲಿ ಬಗ್ಗಿ ನೋಡಿದಳು. “ನೊರಿ ಇದ್ದಂಗ ಐತಿ.”

“ಇದ್ದಂಗಲ್ಲ, ನೊರೀನ. ಇಲ್ಲಿ ಬಟ್ಟಿ ಒಗದೀ ಏನು?”

“ಇಲ್ರಿ. ನಾ ಒಗದಿಲ್ಲ.”

ಧರೆಪ್ಪ ಕಿಸೆಯಿಂದ ತರಗತಿಯಲ್ಲಿ ಕೊಟ್ಟಿದ್ದ, ನೀರಿನಲ್ಲಿ ಕ್ಷಾರವಿದ್ದರೆ ಬಣ್ಣ ಬದಲಿಸುವ ಕಾಗದದ ಪಟ್ಟಿ ತೆಗೆದು ಟಾಕಿಯ ನೀರಿಗೆ ಅದ್ದಿದ. ಕಾಗದ ಹಸಿರಾಯಿತು. ಆ ಬೋರಿನ ನೀರಿಗೆ ಅದ್ದಿದರೆ ಅದು ಯಾವತ್ತೂ ಹಸಿರಾಗುವುದೇ. ಆದರೆ ಆ ಹೊತ್ತಿಗೆ ಅವನಿಗೆ ಅದು ನೆನಪಾಗಲಿಲ್ಲ. “ನೋಡ್ರಿ ಕಾಕಾ! ಸಾಬೂನ!” ಎಂದು ಪಟ್ಟಿಯನ್ನು ಎತ್ತಿ ತೋರಿಸಿದ. ತೋರಿಸಿ ಹೆಂಡತಿಯ ಕಡೆ ತಿರುಗಿದ. “ಕಣ್ಣ ಮುಂದ ನೊರಿ ಐತಿ, ಕೈಯಾಗ ಕಾಗದ ಐತಿ. ಮತ್ಯಾಕ ಸುಳ್ಳ ಹೇಳತಿ?”

ಆಡಿದ ಕೂಡಲೇ ಅದು ಆಡಬಾರದ ಮಾತೆಂದು ಅವನಿಗೆ ಹೊಳೆಯಿತು. ಬಾಳಾಸಾಬರು ಆಕಾಶದಲ್ಲಿ ಮೋಡ ಹುಡುಕತೊಡಗಿದರು. ಕೆಂಚವ್ವ ಸೆರಗಿನ ಚುಂಗಿನಿಂದ ಬಾಯಿ ಒರೆಸಿಕೊಂಡು ಸರಸರ ಮನೆಯೊಳಗೆ ಹೋದಳು. ಅವಳು ಅಷ್ಟು ಜೋರಾಗಿ ನಡೆದದ್ದನ್ನು ಧರೆಪ್ಪ ಈಚಿನ ವರ್ಷಗಳಲ್ಲಿ ಕಂಡಿರಲಿಲ್ಲ.

ರೂಪಾಲಿ ಒಮ್ಮೆ ಅತ್ತೆ ಹೋದ ಬಾಗಿಲನ್ನು ನೋಡಿದಳು, ಒಮ್ಮೆ ಗಂಡನನ್ನು ನೋಡಿದಳು. ಅವಳು ಮಾತಾಡಿದ್ದು ಬಾಳಾಸಾಬರು ಪಾನಾ ತೆಗೆದುಕೊಂಡು ಹೋದ ಮೇಲೆ.

“ಆತ್ರಿ. ಇವತ್ತಿನಿಂದ ಈ ಮನ್ಯಾಗ ನಾ ಬಟ್ಟಿ ಒಗಿಯಂಗಿಲ್ಲ. ನಿಮ್ಮ ಅಂಗಿ, ನಿಮ್ಮ ಧೋತರ, ನಿಮ್ಮ ಟಾವೆಲ್ಲು, ಎಲ್ಲಾ ನಿಮ್ಮ ಜವಾಬ್ದಾರಿ. ಸಾಬೂನು ಎಲ್ಲಿ ಬಿತ್ತು, ಎಲ್ಲಿ ಇಲ್ಲ, ಎಲ್ಲಾ ನಿಮಗ ಗೊತ್ತಿರ್ತೈತಿ. ಛಲೋ ಆತಲ್ಲ?”

“ರೂಪಾ, ನಾ ಏನಂದೆ ಅಂದ್ರ...”

“ಇನ್ನೊಂದ ಐತಿ. ಶುಕ್ರವಾರ ಯಡೂರಾಗ ದೀಪಾಲಿ ಸಾಖರಪುಡಾ. ನಾ ಬಸ್ಸಿಗೆ ಹೋಗ್ತೀನಿ. ಸುಳ್ಳ ಹೇಳಾಕಿ ಅನ್ನಿಸಿಕೊಂಡು ನಿಮ್ಮ ಬಾಜೂಕ ಕುಂದ್ರಾಕ ನನಗ ಆಗಂಗಿಲ್ಲ.”

ರೂಪಾಲಿಯ ತವರಿನಲ್ಲಿ ತಂದೆ ಇರಲಿಲ್ಲ. ತಂಗಿ ದೀಪಾಲಿಯ ಸಾಖರಪುಡಾದಲ್ಲಿ, ಅಂದರೆ ಸಕ್ಕರೆ ಕೊಟ್ಟು ಲಗ್ನ ಗಟ್ಟಿ ಮಾಡುವ ಕಾರ್ಯದಲ್ಲಿ, ಹೆಣ್ಣಿನ ಕಡೆಯಿಂದ ಜೋಡಿಯಾಗಿ ಹಲಗೆಯ ಮೇಲೆ ಕೂಡಬೇಕಾದವರು ಹಿರಿಯ ಮಗಳು ಮತ್ತು ಹಿರಿಯ ಅಳಿಯ. ಜೋಡಿಯಲ್ಲಿ ಒಬ್ಬರಿಲ್ಲದಿದ್ದರೆ ಬೀಗರ ಮುಂದೆ ಏನು ಹೇಳುವುದು? ಅದಕ್ಕಿಂತ ಹೆಚ್ಚಾಗಿ, ರೂಪಾಲಿ ಏನೂ ಹೇಳದೆ ಹಾಗೇ ಸುಮ್ಮನೆ ಇದ್ದುಬಿಟ್ಟರೆ ಏನು ಮಾಡುವುದು?

“ಏನ ಮಾಡಲಿ ಹೇಳು” ಎಂದ.

“ಯಾರ ಮುಂದ ಅಂದ್ರೀ, ಅವರ ಮುಂದ ಆ ಮಾತು ವಾಪಸ್ ತಗೋರಿ. ನಾ ಬರ್ತೀನಿ.”

ಒಂದು ಮಾತು ವಾಪಸು ತೆಗೆದುಕೊಳ್ಳುವುದು ಬೇರೆಯವರಿಗೆ ಏನೂ ದೊಡ್ಡದಿರಲಿಲ್ಲ. ಆದರೆ ಧರೆಪ್ಪ ಧರೆಪ್ಪನೇ ಆಗಿದ್ದ. ನೊರೆ ಗೋಡೆಯ ಮೇಲೆ ಇನ್ನೂ ಇತ್ತು. ನೊರೆ ಇದ್ದ ಮೇಲೆ ಸಾಬೂನು ಇರಲೇಬೇಕು. ಸಾಬೂನು ಇದ್ದೂ ‘ನನ್ನದು ತಪ್ಪು’ ಎಂದರೆ ಅದೂ ಒಂದು ಸುಳ್ಳೇ ಆಯಿತಲ್ಲ? ಹೆಂಡತಿಗೆ ಸುಳ್ಳು ಹೇಳಬೇಡವೆಂದವನು ಹೆಂಡತಿಗಾಗಿ ಸುಳ್ಳು ಹೇಳಬಹುದೇ? ಈ ಲೆಕ್ಕ ಬಿಡಿಸಲಾಗದೆ ಅವನು ದಿನವಿಡೀ ಬಳ್ಳಿಗಳ ನಡುವೆ ತಿರುಗಿದ.

ಮನೆಯಲ್ಲಿ ಬಟ್ಟೆಯ ಗುಡ್ಡೆ ಬೆಳೆಯಿತು. ರೂಪಾಲಿ ಅಡಿಗೆ ಮಾಡಿದಳು, ಹಾಲು ಹಿಂಡಿದಳು, ಕೇಳಿದ್ದಕ್ಕೆ ಉತ್ತರ ಕೊಟ್ಟಳು. ತನ್ನ ಸೀರೆಯನ್ನೂ ಅತ್ತೆಯ ಸೀರೆಯನ್ನೂ ಬಚ್ಚಲ ಬದಿಯ ಕಲ್ಲಿನ ಮೇಲೆ ಒಗೆದು, ಧರೆಪ್ಪನ ಅಂಗಿಯನ್ನು ಎರಡು ಬೆರಳಿನಿಂದ ಎತ್ತಿ ಬದಿಗಿಟ್ಟಳು. ಕೆಂಚವ್ವ ಮಾತ್ರ ಎಂದೂ ಇಲ್ಲದಷ್ಟು ಮೆತ್ತಗಾಗಿದ್ದಳು. ಕೇಳದೆಯೇ ಮಗನ ರೊಟ್ಟಿಗೆ ಬೆಣ್ಣೆ ಹಚ್ಚುವಳು, ಸೊಸೆಯ ಕೈಯಿಂದ ಕಸಬರಿಗೆ ಕಸಿದುಕೊಳ್ಳುವಳು.

“ಬಿಡೋ ಯಪ್ಪಾ. ಒಂದ ಹಿಡಿ ನೊರಿ. ಮಳಿ ಬಂದ್ರ ಹೋಗತೈತಿ. ಆ ಹುಡುಗಿ ಮಾರಿ ಸಣ್ಣದ ಮಾಡಬ್ಯಾಡ.”

“ಯವ್ವಾ, ನೊರಿ ಮಾತಲ್ಲ. ಔಷಧದ ಮಾತು.”

“ನಿನ್ನ ಔಷಧಕ್ಕ ಬೆಂಕಿ ಹತ್ತಲಿ” ಎಂದು ಕೆಂಚವ್ವ ತನ್ನ ಕೌದಿ ಎಳೆದುಕೊಂಡು ಮಲಗಿದಳು. ಹಳೆಯ ಸೀರೆಗಳನ್ನು ಕೂಡಿಸಿ ಹೊಲಿದ ಆ ದಪ್ಪ ಕೌದಿ ಈಗ ಬಹಳ ಹಸನಾಗಿ ಕಾಣುತ್ತಿತ್ತು. ಅದರ ಹಳದಿ, ಹಸಿರು ತುಂಡುಗಳೆಲ್ಲ ಎದ್ದು ತೋರುತ್ತಿದ್ದವು. ಧರೆಪ್ಪ ಅದನ್ನು ನೋಡಿದ. ನೋಡಿದನೇ ಹೊರತು, ಅವನ ತಲೆ ಟಾಕಿಯ ಗೋಡೆಯ ಮೇಲಿತ್ತು.

ಮಳೆ ಬಂತು, ನೊರೆ ಹೋಗಲಿಲ್ಲ. ಮೇಲಿನ ಪದರು ಒಣಗಿ, ತುಸು ಕಂದಾಗಿ, ಹಾಲಿನ ಕೆನೆಯಂತೆ ಗಟ್ಟಿಯಾಯಿತು. ಯಾವ ಸಾಬೂನಿನ ನೊರೆ ಹೀಗೆ ಕೂತಿರುತ್ತದೆ ಎಂದು ಧರೆಪ್ಪನಿಗೆ ಮೊದಲ ಸಲ ಅನುಮಾನ ಹುಟ್ಟಿತು. ಅಂಥ ಅನುಮಾನಗಳನ್ನು ಸಾಕಿ ಬೆಳೆಸುವುದರಲ್ಲಿ ಅವನು ಪಳಗಿದವನು. ಮರುದಿನ ನಸುಕಿನಲ್ಲೇ ಎದ್ದು, ಔಷಧ ಹೊಡೆಯುವ ಬ್ಲೋವರ್ ಗಾಡಿಯ ಹಿಂದೆ ಗೋಣಿಚೀಲ ಹಾಸಿಕೊಂಡು ಕುಳಿತ. ಯಾರು ಬಂದು ಒಗೆಯುತ್ತಾರೋ ನೋಡಿಯೇಬಿಡುವುದೆಂದು.

ಯಾರೂ ಬರಲಿಲ್ಲ. ಬೆಳಕು ಹರಿಯತೊಡಗಿದಾಗ ಟಾಕಿಯೊಳಗೆ ಸಣ್ಣಗೆ ಪಚಪಚ ಸಪ್ಪಳ ಕೇಳಿತು. ಎದ್ದು, ಉಸಿರು ಬಿಗಿಹಿಡಿದು, ಟಾಕಿಯ ಅಂಚಿನ ಮೇಲಿಂದ ಇಣುಕಿದ.

ಗೋಡೆಗೆ ಅಂಟಿಕೊಂಡು ಒಂದು ಕಪ್ಪೆ ಕುಳಿತಿತ್ತು. ಹಳೆಯ ಗೋಣಿಯ ಬಣ್ಣ, ಉದ್ದನೆಯ ಕಾಲು, ಬೆರಳಿನ ತುದಿಗೆ ಗುಂಡಿಯಂಥ ಚಕ್ಕೆಗಳು. ಅದರ ಬೆನ್ನ ಮೇಲೆ ಅದಕ್ಕಿಂತ ಸಣ್ಣದೊಂದು ಗಂಡು ಅಪ್ಪಿ ಹಿಡಿದು ಕುಳಿತಿತ್ತು. ಹೆಣ್ಣು ತನ್ನ ಹಿಂಗಾಲುಗಳಿಂದ ಏನನ್ನೋ ಕಡೆಯುತ್ತಿತ್ತು. ಒಮ್ಮೆ ಎಡಗಾಲು, ಒಮ್ಮೆ ಬಲಗಾಲು, ಒಳಗಿಂದ ಹೊರಗೆ, ಹೊರಗಿಂದ ಒಳಗೆ. ತನ್ನ ಮೈಯಿಂದ ಇಳಿದ ಅಂಟು ನೀರನ್ನು ಮೊಸರು ಕಡೆದಂತೆ ಕಡೆದು, ಕಡೆದು, ಬೆಳ್ಳನೆಯ ನೊರೆ ಎಬ್ಬಿಸುತ್ತಿತ್ತು. ಬೆನ್ನ ಮೇಲಿನ ಗಂಡೂ ನಡುನಡುವೆ ಕಾಲಾಡಿಸಿ ತಾನೂ ದುಡಿಯುತ್ತಿದ್ದೇನೆಂದು ತೋರಿಸಿಕೊಳ್ಳುತ್ತಿತ್ತು. ನೊರೆಯ ನಡುವೆ ಸಾಬೂದಾಣಿಯಂಥ ಸಣ್ಣ ಬಿಳಿ ತತ್ತಿಗಳು ಒಂದೊಂದೇ ಇಳಿದು ಮುಳುಗುತ್ತಿದ್ದವು. ನೀರಿನಲ್ಲಿ ಅಲ್ಲ, ನೀರಿನ ಮೇಲೆ, ಗೋಡೆಗೆ ತೂಗುಹಾಕಿದ ತೊಟ್ಟಿಲಲ್ಲಿ.

ಧರೆಪ್ಪ ನೋಡುತ್ತ ನಿಂತ. ಕಪ್ಪೆಯೆಂದರೆ ಕೆಸರುಗುಂಡಿಯಲ್ಲಿ, ಗದ್ದಲ ಮಾಡಿ, ನೀರಿಗೆ ಸರಸರ ತತ್ತಿ ಚೆಲ್ಲಿ ಹೋಗುವ ಜೀವ ಎಂದು ತಿಳಿದವನು ಅವನು. ಗೋಡೆ ಹತ್ತಿ, ನೊರೆ ಕಡೆದು, ಇಷ್ಟು ಹುಷಾರಿಯಿಂದ ಮನೆ ಕಟ್ಟುವ ಕಪ್ಪೆಯೂ ಇದೆಯೇ? ಇದು ಅವನಿಗಿಂತ ಹೆಚ್ಚು ಚಿಂತೆಯ ಪ್ರಾಣಿ. ಸ್ವಲ್ಪ ಹೊತ್ತಿನಲ್ಲೇ ಅವನಿಗೆ ಇದರ ಅರ್ಥ ಆಯಿತು. ಮೊದಲ ಮಳೆಯ ಸಂಜೆ ಕೇಳಿದ ಟಕ್ ಟಕ್ ಸಪ್ಪಳವೂ ಸ್ಟಾರ್ಟರಿನದಲ್ಲ, ಈ ಕಪ್ಪೆಯದೇ. ರೂಪಾಲಿ ನಿಜ ಹೇಳಿದ್ದಳು.

ಓಡಿದ. ಒಲೆ ಹೊತ್ತಿಸುತ್ತಿದ್ದ ರೂಪಾಲಿಯ ಮುಂದೆ ಏದುಸಿರು ಬಿಡುತ್ತ ನಿಂತ.

“ಸಿಕ್ಕರು! ಒಗಿಯಾವ್ರು ಸಿಕ್ಕರು!”

“ಯಾರ್ರಿ?”

“ಕಪ್ಪಿ!”

ರೂಪಾಲಿ ಊದುಗೊಳವೆ ಕೆಳಗಿಟ್ಟಳು. ಅವಳ ಹಿಂದೆ ಕೆಂಚವ್ವನೂ ಕೌದಿ ಹೊದ್ದುಕೊಂಡೇ ಎದ್ದು ಬಂದಳು. ಮೂವರೂ ಟಾಕಿಗೆ ಹೋದರು. ಕಪ್ಪೆಗಳು ತಮ್ಮ ಕೆಲಸ ಮುಗಿಸಿ ಎತ್ತಲೋ ಹೋಗಿದ್ದವು. ಹಳೆಯ ನೊರೆಯ ಬದಿಗೆ ಹೊಸ ನೊರೆ ಬೆಳ್ಳಗೆ ನಿಂತಿತ್ತು.

“ಎಲ್ಲಿ ಐತಿ?”

“ಈಗ ಇತ್ತು. ಎರಡಿದ್ವು. ಕಾಲಿಲೆ ಹಿಂಗ, ಹಿಂಗ ನೊರಿ ಮಾಡಿದ್ವು” ಎಂದು ಧರೆಪ್ಪ ಮೊಣಕಾಲು ಬಗ್ಗಿಸಿ, ಒಂದಾದ ಮೇಲೊಂದು ಕಾಲು ಆಡಿಸಿ ತೋರಿಸಿದ.

ರೂಪಾಲಿಗೆ ನಗು ತಡೆಯಲಾಗಲಿಲ್ಲ. ಆದರೂ ತಡೆದಳು.

“ಮೊದಲ ಹೆಂಡ್ತಿ ಮ್ಯಾಲ ಹಾಕಿದ್ರಿ. ಈಗ ಕಪ್ಪಿ ಮ್ಯಾಲ. ಪಾಪ, ಅದಕ್ಕ ಬಾಯಿ ಇಲ್ಲ, ‘ನಾ ಒಗದಿಲ್ರಿ’ ಅನ್ನಾಕ. ನನ್ನ ಸಮಾಧಾನ ಮಾಡಾಕ ಸುಳ್ಳ ಹೇಳಬ್ಯಾಡ್ರಿ.”

“ಸುಳ್ಳ ಅಲ್ಲ ರೂಪಾ! ವೀರಭದ್ರನ ಆಣಿ!”

“ದೇವರನ್ನೂ ಟಾಕ್ಯಾಗ ಇಳಸ್ತೀರೇನು?”

ಅವಳು ಹೋದಳು. ಕೆಂಚವ್ವ ಮಾತ್ರ ಹಿಂದೆ ನಿಂತು, ನೊರೆಯನ್ನೊಮ್ಮೆ, ಮಗನನ್ನೊಮ್ಮೆ ಆಸೆಗಣ್ಣಿನಿಂದ ನೋಡಿದಳು. “ಖರೇನ ಕಪ್ಪಿಯೇನೋ? ಆಣಿ ಮಾಡೀ ನೋಡು.”

“ಖರೇ ಯವ್ವಾ.”

“ಕಪ್ಪಿ ಆದ್ರ ಛಲೋ ಆತು” ಎಂದು ಒಂದು ನಿಟ್ಟುಸಿರು ಬಿಟ್ಟು ಹೋದಳು. ಕಪ್ಪೆಯಾದರೆ ಅವಳಿಗೇನು ಛಲೋ ಎಂದು ಧರೆಪ್ಪನಿಗೆ ತಿಳಿಯಲಿಲ್ಲ.

ನೊರೆಗೆ ಬೆರಳು ಹಾಕಿ ತತ್ತಿ ತೆಗೆದು ತೋರಿಸಿದ್ದರೆ ಮುಗಿಯುತ್ತಿತ್ತು. ಬೆರಳು ಚಾಚಿದನು ಕೂಡ. ಅಷ್ಟರಲ್ಲಿ ಆ ಕಪ್ಪೆ ಎಡಗಾಲು ಬಲಗಾಲು ಆಡಿಸಿದ್ದು ಕಣ್ಣಿಗೆ ಕಟ್ಟಿತು. ತನ್ನ ಮಾತು ನಿಜವೆಂದು ತೋರಿಸಲು ಇನ್ನೊಬ್ಬರ ತೊಟ್ಟಿಲು ಒಡೆಯುವುದೇ? ಬೆರಳನ್ನು ಹಿಂದಕ್ಕೆ ತೆಗೆದುಕೊಂಡ.

ಮೋಡ ಮುಸುಕಿ ನಿಂತಿತ್ತು, ಡೌನಿ ಬರುವ ಹವೆ. ಬೋರ್ಡೋ ಹೊಡೆಯಲೇಬೇಕು. ಟಾಕಿಯಲ್ಲಿ ಕಲಸಿದರೆ ಕೆಳಗೆ ಬೀಳುವ ಮರಿಗಳಿಗೆ ಮೋರ್ತುತ್ತು, ಅಂದರೆ ಮೈಲುತುತ್ತೇ ಮೊದಲ ಊಟವಾದೀತು. ಬೇರೆ ದಾರಿ ಕಾಣದೆ ಧರೆಪ್ಪ ಬಾಳಾಸಾಬರ ತೋಟಕ್ಕೆ ಹೋದ.

“ಕಾಯ ರೇ ಧರೆಪ್ಪಾ, ಏನ ಬೇಕು?”

“ಕಾಕಾ, ನಿಮ್ಮ ಪ್ಲಾಸ್ಟಿಕ್ ಬ್ಯಾರಲ್ ಬೇಕಾಗಿತ್ತು. ಔಷಧ ಕಲಸಾಕ.”

“ನಿನ್ನ ಟಾಕಿಗೆ ಏನಾತು? ಬೋರ್ಡು ಬರದು ಮೆರಸಾಕತ್ತಿದ್ದಿ!”

ಧರೆಪ್ಪ ನೆಲ ನೋಡಿದ. ಒಡೆದಿದೆ ಎನ್ನಬಹುದಿತ್ತು. ಸೋರುತ್ತಿದೆ ಎನ್ನಬಹುದಿತ್ತು. ಎರಡು ಮಾತೂ ನಾಲಿಗೆಯ ತುದಿಯವರೆಗೆ ಬಂದು ಹೋದವು.

“ಟಾಕ್ಯಾಗ ಕಪ್ಪಿ ತತ್ತಿ ಇಟ್ಟೈತ್ರಿ.”

“ಏನು?”

“ಅವತ್ತ ನೊರಿ ನೋಡಿದ್ರೆಲ್ಲಾ, ಅದು ಸಾಬೂನಲ್ಲ. ಕಪ್ಪಿ ತತ್ತಿ. ನಾ ಕಣ್ಣಾರೆ ನೋಡೀನಿ. ರೂಪಾ ಖರೇ ಹೇಳಿದ್ಲು, ನಾ ಆಕಿಗೆ ನಿಮ್ಮ ಮುಂದ ಸುಳ್ಳ ಹೇಳತಿ ಅಂದ್ನಿ. ಅದು ನಂದು ತಪ್ಪಾತ್ರಿ. ನಿಮ್ಮ ಮುಂದ ಅಂದಿದ್ನಿ, ನಿಮ್ಮ ಮುಂದ ವಾಪಸ್ ತಗೊಂತೀನಿ.”

ಬಾಳಾಸಾಬರು ಮೊದಲು ಅವನ ಮುಖ ನೋಡಿದರು, ಆಮೇಲೆ ಬಾಯಿಯ ತಂಬಾಕು ಉಗುಳಿ ಬಂದರು, ಆಮೇಲೆ ನಗಲು ಸುರುಮಾಡಿದರು. ನಗುತ್ತಲೇ ಬ್ಯಾರಲ್ ಉರುಳಿಸಿ ತಂದರು. ಧರೆಪ್ಪ ಅದನ್ನು ಗಾಡಿಗೆ ಏರಿಸಿ ಹೊರಟು ಬದುವಿನ ತಿರುವು ದಾಟಿದ ಮೇಲೂ ಆ ನಗು ಕೇಳುತ್ತಿತ್ತು.

ಮರುದಿನ ಕಾಗವಾಡದ ಚಹಾದಂಗಡಿಯಲ್ಲಿ ಅವನನ್ನು ಕಂಡವರೆಲ್ಲ, “ಧರೆಪ್ಪಾ, ನಮ್ಮ ಧೋತರ ಒಂದೆರಡು ಅದಾವು, ನಿಮ್ಮ ಕಪ್ಪಿಗೆ ಪುರುಸೊತ್ತು ಐತೇನು?” ಎಂದು ಕೇಳಿದರು. “ಇಸ್ತ್ರೀನೂ ಮಾಡತೈತೋ, ಬರೇ ಒಗಿಯೂದೋ?” ಎಂದು ಒಬ್ಬ. “ನೀಲಿ ಹಾಕಾಕ ಹೇಳೋ ಮಾರಾಯಾ” ಎಂದು ಇನ್ನೊಬ್ಬ. ಸಂಜೆಯ ತರಗತಿಯ ಮಾಸ್ತರರೂ ಹಾಜರಿ ಕರೆಯುವಾಗ ಅವನ ಹೆಸರಿಗೆ ಬಂದು ಒಂದು ಗಳಿಗೆ ತಡೆದು, ಮುಗುಳ್ನಕ್ಕು ಮುಂದೆ ಹೋದರು.

ಬಾಳಾಸಾಬರು ಅಷ್ಟಕ್ಕೇ ಬಿಡಲಿಲ್ಲ. ಗುರುವಾರ ಸಂಜೆ ತೋಟದ ಮುಂದೆ ಬೈಕು ನಿಲ್ಲಿಸಿ, ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಿದ್ದ ರೂಪಾಲಿಗೆ ಕೇಳುವಂತೆ ಕೂಗಿದರು.

“ಏನವಾ ರೂಪಾಲಿ, ನಿನ್ನ ಗಂಡ ನನ್ನ ಮುಂದ ನಿಂತು ನಂದು ತಪ್ಪಾತು ಅಂದ. ಕೈ ಬ್ಯಾರೆ ಮುಗಿಯಾವ ಇದ್ದ! ನನ್ನ ಆಯುಷ್ಯದಾಗ ಹೆಂಡ್ತಿಗೆ ಹೆದರಾವ್ರನ್ನ ಬೇಕಾದಷ್ಟ ನೋಡೀನಿ. ಕಪ್ಪಿ ತತ್ತಿಗೆ ಹೆದರಿ ಬ್ಯಾರಲ್ ಒಯ್ದಾಂವನ್ನ ನೋಡಿದ್ದು ಇದ ಮೊದಲ!”

ರೂಪಾಲಿಯ ಕೈ ಮೊರದ ಮೇಲೆ ನಿಂತಿತು. ಊರೆಲ್ಲ ನಗುವಂತೆ ಒಬ್ಬ ಮನುಷ್ಯ ಸುಳ್ಳು ಕಟ್ಟುತ್ತಾನೆಯೇ? ನಾಲ್ಕು ಜನರ ಮುಂದೆ ಕೆಮ್ಮಲೂ ಹಿಂದೆಮುಂದೆ ನೋಡುವ ಈ ಮನುಷ್ಯ?

ಶುಕ್ರವಾರ ಬೆಳಿಗ್ಗೆ ಅವಳು ಎದ್ದು ನೋಡಿದಾಗ ಧರೆಪ್ಪ ಬಚ್ಚಲ ಬದಿಯ ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ತನ್ನ ಬಿಳಿ ಅಂಗಿ ಒಗೆಯುತ್ತಿದ್ದ. ಕಾಲರಿನ ಬದಲು ಕಿಸೆಯನ್ನೇ ತಿಕ್ಕುತ್ತಿದ್ದ. ನೀಲಿ ಹೆಚ್ಚಾಗಿ ಬೆನ್ನ ಮೇಲೆ ಮೋಡ ಕಟ್ಟಿದಂತಾಗಿತ್ತು.

“ನೀ ಬಸ್ಸಿಗೆ ಹೋಗು” ಎಂದ ತಲೆಯೆತ್ತದೆ. “ನಾ ಹಿಂದಿಂದ ಬೈಕಿಗೆ ಬರ್ತೀನಿ. ನನ್ನ ಬಾಜೂಕ ಕುಂದರೂದು ಬಿಡೂದು ನಿನಗ ಬಿಟ್ಟದ್ದು. ಆದ್ರ ಹೋಗೂಕಿಂತ ಮೊದಲ ಒಮ್ಮೆ ಟಾಕೀಗೆ ಬಾ. ಹಳೇ ನೊರಿ ಸಡಲ ಆಗೈತಿ.”

ಹೋದಳು. ಕೆಂಚವ್ವನೂ ಕರೆಯದೆಯೇ ಹಿಂದೆ ಬಂದಳು. ಜಿಟಿಜಿಟಿ ಹನಿಯುತ್ತಿತ್ತು. ಒಣಗಿ ಬಿರುಕುಬಿಟ್ಟಿದ್ದ ಮೊದಲ ನೊರೆ ಈಗ ಮಳೆಗೆ ನೆನೆದು ಕೆಳಭಾಗದಲ್ಲಿ ಕರಗಿ ಜೋತುಬಿದ್ದಿತ್ತು. ಅದರೊಳಗೆ ಏನೋ ಮಿಸುಕಿತು. ಒಂದು ಹನಿ ದಾರದಂತೆ ಕೆಳಗೆ ಇಳಿಯಿತು. ಹನಿಯ ತುದಿಯಲ್ಲಿ ಬಾಲವಿದ್ದ ಒಂದು ಚುಕ್ಕೆ ಇತ್ತು. ಅದು ತುಸು ಹೊತ್ತು ಗಾಳಿಯಲ್ಲಿ ತೂಗಾಡಿ, ಟಪ್ಪೆಂದು ನೀರಿಗೆ ಬಿದ್ದು, ಬಾಲ ಬಡಿದು ಹೋಯಿತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಎರಡು ಕೂಡಿ.

“ಅಯ್ಯ!” ಎಂದಳು ರೂಪಾಲಿ. ಟಾಕಿಯ ಅಂಚು ಹಿಡಿದು ಬಗ್ಗಿದಳು. “ಖರೇನ ಮರಿ! ಅಯ್ಯ, ನೋಡ್ರಿ ಅತ್ತಿ, ಹ್ಯಾಂಗ ಜಿಗಿಯಾಕತ್ತಾವ!”

ಕೆಂಚವ್ವ ಬಗ್ಗಿ ನೋಡಿದಳು. ಎಷ್ಟೋ ದಿನದಿಂದ ಹೊತ್ತ ಹೊರೆ ಇಳಿಸಿದವಳಂತೆ ಎರಡೂ ಕೈ ಚಪ್ಪಾಳೆ ತಟ್ಟಿದಳು.

“ಹಂಗಾರ ಇದು ನನ್ನ ಕೌದೀದಲ್ಲ!”

ರೂಪಾಲಿ ಕಣ್ಣು ಮುಚ್ಚಿಕೊಂಡಳು.

“ಯಾವ ಕೌದಿ?” ಎಂದ ಧರೆಪ್ಪ ನಿಧಾನವಾಗಿ.

ಬಿಟ್ಟ ಬಾಣ ತಿರುಗಿ ಬರುವುದಿಲ್ಲವೆಂದು ಕೆಂಚವ್ವನಿಗೂ ಗೊತ್ತು. “ನೀ ಅಥಣಿಗೆ ಹೋಗಿದ್ದಿ ನೋಡು, ಮಳಿಗಿಂತ ಮೊದಲ, ಆವತ್ತ. ಬಚ್ಚಲದಾಗ ಕೌದಿ ಹಿಡಿಯಂಗಿಲ್ಲೋ. ಹೊಳಿ ತನಕ ಯಾರ ಹೊರತಾರ? ಟಾಕ್ಯಾಗ ಅದ್ದಿ ತಗದ್ನಿ. ಈಕಿ ನೋಡಿ ನನಗ ಬೈದ್ಲು. ನೀರೆಲ್ಲಾ ಹೊರಗ ಬಿಟ್ಟು, ತಾನ ಒಳಗ ಇಳದು ಟಾಕಿ ತಿಕ್ಕಿ, ಮತ್ತ ತುಂಬಿಸಿದ್ಲು. ಆದ್ರೂ ನೊರಿ ಕಂಡಾಗ, ಎಲ್ಲೋ ಬಿರುಕಿನಾಗ ಸಾಬೂನು ಉಳಕೊಂಡಿರಬೇಕು ಅಂತ ನಮ್ಮಿಬ್ಬರಿಗೂ ಅನಿಸಿತು.”

“ಯವ್ವಾ! ಅಷ್ಟ ದೊಡ್ಡ ಬೋರ್ಡು ಬರದಿದ್ನೆಲ್ಲಾ!”

“ಬರದಿದ್ದಿ. ನನಗ ಓದಾಕ ಬರತೈತೇನು?”

“ಏನ ಬರದೈತಿ ಅಂತ ಕೇಳಬೇಕಿಲ್ಲ?”

“ಕೇಳಿದ್ರ ತಿಳೀತಿತ್ತು. ತಿಳದಿಂದ ಒಗಿಯಾಕ ಬರತಿತ್ತೇನು?” ಎಂದು ಕೆಂಚವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು, ತನ್ನ ಪಾಲಿನ ಕೆಲಸ ಮುಗಿಯಿತೆನ್ನುವಂತೆ ಮನೆಯ ಕಡೆ ನಡೆದಳು.

ಧರೆಪ್ಪ ಹೆಂಡತಿಯ ಕಡೆ ತಿರುಗಿದ. ಟಾಕಿಯೊಳಗೆ ಇಳಿದು ತಿಕ್ಕಿದವಳು. ತಿಕ್ಕಿಯೂ ಹೇಳದವಳು. ‘ಸುಳ್ಳ ಹೇಳತಿ’ ಎನಿಸಿಕೊಂಡೂ ಅತ್ತೆಯ ಹೆಸರು ಎತ್ತದವಳು.

“ಅವ್ವ ಅಂತ ಒಂದ ಮಾತು ಹೇಳಬೇಕಿಲ್ಲ ರೂಪಾ?”

“ಯಾರು ಒಗದ್ರು ಅಂತ ನೀವು ಕೇಳಿದ್ರೇನು? ನೀನ ಒಗದಿ ಅಂದ್ರಿ. ನಾ ಒಗದಿಲ್ಲ ಅಂದ್ನಿ. ಅಷ್ಟಕ್ಕ ಮಾತು ಮುಗೀತು.”

ಧರೆಪ್ಪ ಒಂದೇ ಮಾತು ಹೇಳಿದ. “ತಪ್ಪಾತು.”

“ಅದನ್ನ ಬಾಳಾಸಾಬ ಕಾಕಾ ನಿನ್ನೇನ ಸಾರಿ ಹೋಗ್ಯಾರ” ಎಂದಳು ರೂಪಾಲಿ ಮನಬಿಚ್ಚಿ ನಗುತ್ತ. “ನಡೀರಿ, ಬೈಕ್ ತಗೀರಿ. ಬಸ್ಸು ಹೋಗಿರಬೇಕು. ಆ ಅಂಗಿ ಹಿಂಡಿ ಕೊಡ್ರಿ ಇಲ್ಲಿ. ನೀವು ಒಗದದ್ದು ನೋಡಿದ್ರ ಕಪ್ಪೀನ ವಾಸಿ.”

ಯಡೂರಿನ ದಾರಿಯಲ್ಲಿ ಕೃಷ್ಣಾ ಹೊಳೆಯ ನೀರು ಇನ್ನೂ ಸೇತುವೆಯ ಮೇಲೆ ಬಂದಿರಲಿಲ್ಲ. ದಾರಿಯುದ್ದಕ್ಕೂ ಕಬ್ಬಿನ ಗದ್ದೆಗಳ ನಡುವಿನ ತಗ್ಗುಗಳಲ್ಲಿ ಹೊಸ ನೀರು ನಿಂತಿತ್ತು, ಕಪ್ಪೆಗಳು ಹಾಡುಹಗಲೇ ಗಂಟಲು ಹರಿದುಕೊಳ್ಳುತ್ತಿದ್ದವು. ಪ್ರತಿ ತಗ್ಗು ಬಂದಾಗಲೂ ಹಿಂದೆ ಕುಳಿತ ರೂಪಾಲಿ, “ಸಾವಕಾಶ ಹೊಡೀರಿ, ಯಾರದೋ ಬಟ್ಟಿ ನೆನಿ ಹಾಕ್ಯಾರ” ಎಂದು ಅವನ ಕಿವಿಯಲ್ಲಿ ಹೇಳುತ್ತಿದ್ದಳು.

ಯಡೂರಿನಲ್ಲಿ ಬೀಗರು ಆಗಲೇ ಬಂದು ಜಮಖಾನೆಯ ಮೇಲೆ ಕುಳಿತಿದ್ದರು. ರೂಪಾಲಿಯ ತಾಯಿ ಸಾವಿತ್ರೆವ್ವ ಅಳಿಯನನ್ನು ಒಳಗೆ ಕರೆಯುತ್ತ, ಅವನ ಬೆನ್ನ ಮೇಲೆ ಅರ್ಧ ಒಣಗಿದ ನೀಲಿ ಮೋಡವನ್ನು ಕಂಡು ಮಗಳ ಕಿವಿಯ ಬಳಿ ಬಗ್ಗಿದಳು.

“ಇದೇನಬೇ? ಯಾರು ಒಗದಾರ ಇದನ್ನ?”

“ಕಪ್ಪಿ” ಎಂದಳು ರೂಪಾಲಿ, ಮುಖ ಗಂಭೀರ ಮಾಡಿಕೊಂಡು.

ಹಲಗೆ ಹಾಕಿದರು. ಇಬ್ಬರೂ ಬಗಲಿಗೆ ಬಗಲು ಹಚ್ಚಿ ಕುಳಿತರು. ದೀಪಾಲಿಯನ್ನು ಕರೆತಂದು ಎದುರಿಗೆ ಕೂಡಿಸಿದರು. ಐನೋರು ಅಕ್ಷತೆ ಹಂಚಿದರು. ಸಕ್ಕರೆಯ ಪುಡಿಕೆ ಕೈಗೆ ಬಂತು. ಆಗ ಧರೆಪ್ಪನ ಮುಖ ಒಮ್ಮೆಲೆ ಬಿಳಿಚಿಕೊಂಡಿತು. ಕೂತಲ್ಲೇ ಚಡಪಡಿಸಿದ. ರೂಪಾಲಿಗೆ ಆ ಮುಖ ಗೊತ್ತಿತ್ತು.

“ಏನ್ರಿ?”

“ಮೋಟರು” ಎಂದ ಪಿಸುದನಿಯಲ್ಲಿ. “ಬಂದ್ ಮಾಡಿದ್ನೋ ಇಲ್ಲೋ. ಟಾಕಿ ತುಂಬಿ ಹರದ್ರ ಆ ಹೊಸ ನೊರಿ ಮುಳುಗಿ ಹೋಗತೈತಿ ರೂಪಾ. ತತ್ತಿ ಎಲ್ಲಾ...”

“ಬಂದ್ ಐತಿ. ನಾ ನೋಡಿ ಬಂದೀನಿ.”

ಧರೆಪ್ಪ ಅವಳ ಮುಖ ನೋಡಿದ. ಏಳಲೆಂದು ನೆಲಕ್ಕೆ ಊರಿದ್ದ ಕೈಯನ್ನು ತೆಗೆದು, ಸಕ್ಕರೆಯ ಪುಡಿಕೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು, ಹಲಗೆಯ ಮೇಲೆ ಸರಿಯಾಗಿ ಕುಳಿತ.